ಕಂಡಿಕೆಯಿಂದ ಗಾಳದವರೆಗೆ

ಕೈಗಾರಿಕಾ ಕ್ರಾಂತಿಯ ಪಾಠ ಬಂತೆಂದರೆ ನಾವು ಇತಿಹಾಸದ ಶಿಕ್ಷಕಿಯರೆಲ್ಲ ಒಂದೇ ರಾಗ ಹಾಡುತ್ತೇವೆ. ಹಾರ್‌ಗ್ರೀವ್ಸನ ಸ್ಪಿನ್ನಿಂಗ್ ಜೆನ್ನಿ, 1769ರ ಆರ್ಕ್‌ರೈಟನ ವಾಟರ್ ಫ್ರೇಮ್, 1779ರ ಕ್ರಾಂಪ್ಟನನ ಮ್ಯೂಲ್. ಮಕ್ಕಳು ಹೆಸರು, ಇಸವಿ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಹೊಂದಿಸಿ ಬರೆಯುತ್ತಾರೆ, ಬೇಸಿಗೆ ರಜೆಯಲ್ಲಿ ಮರೆಯುತ್ತಾರೆ. ಆ ನೂಲು ಗಿರಣಿಯ ಬಾಗಿಲು ದಾಟಿ ಎಲ್ಲಿಗೆ ಹೋಯಿತು, ಯಾರ ಕೈಗೆ ಸಿಕ್ಕಿತು, ಏನಾಯಿತು ಎಂದು ನಾವು ಹೇಳುವುದಿಲ್ಲ. ಪಠ್ಯಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ. ನೂಲು ಬಟ್ಟೆಯಾಯಿತು, ಬಟ್ಟೆ ನಮ್ಮ ದೇಶಕ್ಕೆ ಬಂತು, ನಮ್ಮ ನೇಕಾರರು ಕೆಟ್ಟರು ಎಂಬಲ್ಲಿಗೆ ಪಾಠ ಮುಗಿಯುತ್ತದೆ. ಅದು ನಿಜವೇ. ಆದರೆ ಆ ಗಿರಣಿಯ ಕಂಡಿಕೆಯೊಂದು ಹೊಳೆಗೂ ಹೋಯಿತು. ಮೀನು ಹಿಡಿಯುವ ಯಂತ್ರವಾಗಿ ಲೋಕವನ್ನೆಲ್ಲ ಸುತ್ತಿತು. ಆ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಮೀನಿನ ಮಾತೆಂದು ಪುಟ ತಿರುವಬೇಡಿ. ನಾನೂ ಮೀನು ತಿನ್ನುವವಳಲ್ಲ, ನಮ್ಮ ಮನೆಯಲ್ಲಿ ಯಾರೂ ತಿಂದವರಲ್ಲ. ಆದರೆ ನಾನು ಹುಟ್ಟಿದ್ದು ಗುಳೇದಗುಡ್ಡದ ಒಂದು ಮಗ್ಗದ ಓಣಿಯಲ್ಲಿ. ಖಣ ನೇಯುವ ಮನೆಗಳವು. ಮಗ್ಗದ ಮೇಲೆ ಕೂತವರು ಗಂಡಸರು. ಮೂಲೆಯಲ್ಲಿ ರಾಟಿ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದವರು ಅಜ್ಜಿ, ಅವ್ವ, ನಾವು ಹುಡುಗಿಯರು. ಕಂಡಿಕೆ ಅಂದರೆ ಲಾಳಿಯ ಹೊಟ್ಟೆಯಲ್ಲಿ ಕೂಡುವ ಪುಟ್ಟ ಕೊಳವೆ. ಲಾಳಿ ಅತ್ತಿಂದಿತ್ತ ಓಡುವಾಗ ಅದರೊಳಗಿನ ಕಂಡಿಕೆ ತಿರುಗುವುದಿಲ್ಲ. ಗಪ್ಪಗೆ ಕೂತಿರುತ್ತದೆ, ನೂಲು ಮಾತ್ರ ಅದರ ತುದಿಯಿಂದ ಸುರುಳಿ ಸುರುಳಿಯಾಗಿ ಜಾರಿ ಹೊರಗೆ ಬರುತ್ತದೆ. ನೇಕಾರರ ಮನೆಯ ಎಂಟು ವರ್ಷದ ಹುಡುಗಿಗೂ ಗೊತ್ತಿರುವ ಸಂಗತಿ ಇದು. ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ, ಆದ್ದರಿಂದ ಸ್ವಲ್ಪ ನೆನಪಿಟ್ಟುಕೊಳ್ಳಿ.

ನನ್ನ ತಮ್ಮ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹ್ಯಾರಿಸ್‌ಬರ್ಗಿನಲ್ಲಿ. ಊರಿನ ಪಕ್ಕದಲ್ಲೇ ಸಸ್ಕ್ವೆಹಾನಾ ನದಿ. ಬಲು ಅಗಲ, ಆದರೆ ಆಳ ಕಡಿಮೆ. ಬೇಸಿಗೆಯಲ್ಲಿ ಬಂಡೆಗಳೆಲ್ಲ ಬೆನ್ನು ತೋರಿಸಿಕೊಂಡು ಕೂತಿರುತ್ತವೆ, ಪಟ್ಟದಕಲ್ಲಿನ ಹತ್ತಿರ ನಮ್ಮ ಮಲಪ್ರಭೆಯ ಹಾಗೆ. ಒಂದು ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗಿದ್ದೆ. ತಮ್ಮನ ಮಗ, ಕಾಲೇಜು ಮುಗಿಸಿದ ಹುಡುಗ, ಅಡಿಗೆಮನೆಯ ಮೇಜಿನ ಮೇಲೆ ವೃತ್ತಪತ್ರಿಕೆ ಹಾಸಿ ಏನೋ ಒಂದು ಯಂತ್ರ ಬಿಚ್ಚಿಕೊಂಡು ಕೂತಿದ್ದ. ಹತ್ತಿರ ಹೋದೆ. "ಅತ್ತಿ, ಮುಟ್ಟಬ್ಯಾಡ್ರಿ, ಸೀರಿಗೆ ಗ್ರೀಸ್ ಹತ್ತತೈತಿ" ಎಂದ. ಅಲ್ಲಿ ಹುಟ್ಟಿ ಬೆಳೆದ ಹುಡುಗನ ಬಾಯಲ್ಲಿ ಗುಳೇದಗುಡ್ಡದ ಮಾತು ಕೇಳಿದ ಸಂತೋಷ ಒಂದು ಕಡೆ. ಅವನ ಮುಂದಿದ್ದ ವಸ್ತುವಿನ ಸೋಜಿಗ ಇನ್ನೊಂದು ಕಡೆ. ಅದು ಸಾಕ್ಷಾತ್ ಕಂಡಿಕೆ. ತಿರುಗದೆ ನಿಂತ ಒಂದು ಕೊಳವೆ, ಅದರ ಸುತ್ತ ತಿರುಗುವ ಒಂದು ತಂತಿಯ ತೋಳು. ಸ್ಪಿನ್ನಿಂಗ್ ರೀಲ್ ಎಂದು ಅದಕ್ಕೆ ಹೆಸರು. ಆ ನದಿಯ ಸ್ಮಾಲ್‌ಮೌತ್ ಬ್ಯಾಸ್ ಎಂಬ ಮೀನಿಗೆ ಗಾಳ ಹಾಕುವವರು ಹೆಚ್ಚಾಗಿ ಕೈಯಲ್ಲಿ ಹಿಡಿಯುವುದು ಅದನ್ನೇ.

ರೀಲಿಗಿಂತ ಹಿಂದೆ ಏನಿತ್ತು? ಕೋಲಿನ ತುದಿಗೆ ದಾರ, ದಾರದ ತುದಿಗೆ ಗಾಳ, ಅಷ್ಟೆ. ಇಂಗ್ಲಿಷಿನಲ್ಲಿ ಗಾಳದ ಮೀನುಗಾರಿಕೆಯ ಮೇಲೆ ಅಚ್ಚಾದ ಮೊದಲ ಗ್ರಂಥ 1496ರದು. ಅದನ್ನು ಬರೆದವಳು ಡೇಮ್ ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಎಂದು ಪರಂಪರೆ ಹೇಳುತ್ತದೆ. ವಿದ್ವಾಂಸರು ಅನುಮಾನ ಪಡುತ್ತಾರೆ. ಹೆಂಗಸಿನ ಹೆಸರಿದ್ದ ಕಡೆ ವಿದ್ವಾಂಸರಿಗೆ ಅನುಮಾನ ಸ್ವಲ್ಪ ಬೇಗ ಹುಟ್ಟುತ್ತದೆ ಎಂಬುದು ನನ್ನ ಅನುಭವ. ಆಮೇಲೆ ದಾರ ಸುತ್ತಿಡುವ ಗಾಲಿ ಬಂತು. ಅಮೆರಿಕದಲ್ಲಿ ಬ್ಯಾಸ್ ಹಿಡಿಯುವವರಿಗೆ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಒಳ್ಳೆಯ ಗಾಲಿ ಮಾಡಿಕೊಟ್ಟವನು ಕೆಂಟಕಿಯ ಜಾರ್ಜ್ ಸ್ನೈಡರ್. ಕಸುಬಿನಿಂದ ಗಡಿಯಾರ ಮಾಡುವವನು. ಹಿಡಿ ಒಂದು ಸುತ್ತು ತಿರುಗಿಸಿದರೆ ಗಾಲಿ ಹಲವು ಸುತ್ತು ತಿರುಗುವ ಹಾಗೆ ಹಲ್ಲಿನ ಚಕ್ರ ಕೂಡಿಸಿದ್ದ.

ಆದರೆ ಆ ಗಾಲಿಯಲ್ಲಿ ಒಂದು ತೊಡಕು. ಗಾಳ ಎಸೆದಾಗ ಅದು ಹಾರುತ್ತಾ ದಾರವನ್ನು ಎಳೆಯಬೇಕು, ದಾರ ಗಾಲಿಯನ್ನು ತಿರುಗಿಸಬೇಕು. ಗಾಳ ಹಗುರವಾಗಿದ್ದರೆ ಗಾಲಿ ತಿರುಗುವುದೇ ಇಲ್ಲ. ಭಾರವಿದ್ದರೆ ಇನ್ನೊಂದು ಫಜೀತಿ: ಗಾಳ ನೀರಿಗೆ ಬಿದ್ದು ನಿಂತರೂ ಗಾಲಿ ತನ್ನ ರಭಸಕ್ಕೆ ತಿರುಗುತ್ತಲೇ ಇರುತ್ತದೆ, ದಾರವೆಲ್ಲ ಸಡಿಲಾಗಿ ಗುಬ್ಬಿಗೂಡು. ಹೆಬ್ಬೆರಳಿನಿಂದ ಒತ್ತಿ ತಡೆಯುವುದನ್ನು ಕಲಿಯಲು ವರ್ಷಗಟ್ಟಲೆ ಬೇಕಿತ್ತು.

ನೀವೇ ಮನೆಯಲ್ಲಿ ಪರೀಕ್ಷೆ ಮಾಡಬಹುದು. ಒಂದು ತಂಬಿಗೆಗೆ ಹತ್ತು ಮೊಳ ಹೂವಿನ ದಾರ ಸುತ್ತಿ. ಪಕ್ಕದಿಂದ ಎಳೆದರೆ ತಂಬಿಗೆ ಉರುಳಬೇಕು. ತಂಬಿಗೆಯನ್ನು ನಿಲ್ಲಿಸಿ ಬಾಯಿಯ ಕಡೆಯಿಂದ ಮೇಲಕ್ಕೆ ಎಳೆಯಿರಿ. ತಂಬಿಗೆ ಅಲ್ಲಾಡದೆ ದಾರ ಬರುತ್ತದೆ. ತರಗತಿಯಲ್ಲಿ ನಾನು ಇದನ್ನು ಮಾಡಿ ತೋರಿಸಿದ್ದೇನೆ. ಹುಡುಗರು ನಕ್ಕರು, ನೇಕಾರರ ಮನೆಯ ಹುಡುಗಿಯೊಬ್ಬಳು ಮಾತ್ರ "ಟೀಚರ್, ಇದು ಕಂಡಿಕಿ" ಎಂದಳು.

ಸ್ಕಾಟ್ಲೆಂಡಿನ ಪರ್ತ್ ಊರಿನ ಪೀಟರ್ ಮ್ಯಾಲಕ್ ಎಂಬ ಅಂಗಡಿಕಾರ 1884ರಲ್ಲಿ ಅರ್ಧ ದಾರಿ ನಡೆದ. ಎಸೆಯುವಾಗ ಗಾಲಿಯನ್ನು ಪಕ್ಕಕ್ಕೆ ಹೊರಳಿಸಿ ತುದಿಯಿಂದ ದಾರ ಬಿಡುವುದು, ಎಳೆದುಕೊಳ್ಳುವಾಗ ಮತ್ತೆ ನೆಟ್ಟಗೆ ತಿರುಗಿಸಿ ಸುತ್ತುವುದು. ಬಿಡುವುದು ಒಂದು ರೀತಿ, ಸುತ್ತುವುದು ಇನ್ನೊಂದು ರೀತಿ ಆದದ್ದರಿಂದ ದಾರ ಹುರಿಗೊಂಡು ಮುರುಟುತ್ತಿತ್ತು.

ಪೂರಾ ದಾರಿ ನಡೆದವನು ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್. ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದವನು, ಉಣ್ಣೆ ನೂಲಿನ ಗಿರಣಿ ಮಾಲೀಕರ ಮನೆತನದವನು. 1905ರಲ್ಲಿ ಅವನು ಪೇಟೆಂಟ್ ಪಡೆದ ರೀಲಿನಲ್ಲಿ ಕೊಳವೆ ಎಸೆಯುವಾಗಲೂ ತಿರುಗುವುದಿಲ್ಲ, ಸುತ್ತುವಾಗಲೂ ತಿರುಗುವುದಿಲ್ಲ. ಕೊಳವೆಯ ಸುತ್ತ ತಿರುಗುವ ಕೊಕ್ಕೆಯೊಂದು ದಾರವನ್ನು ಸುತ್ತುತ್ತದೆ. ಗಿರಣಿಯಲ್ಲಿ ಕೊಳವೆಯಿಂದ ನೂಲು ಜಾರುವುದನ್ನು ಕಂಡೇ ಅವನಿಗೆ ಇದು ಹೊಳೆಯಿತೆಂದು ಮೀನುಗಾರಿಕೆಯ ಇತಿಹಾಸ ಬರೆದವರು ಹೇಳುತ್ತಾರೆ. ನಂಬಲು ಅಡ್ಡಿಯಿಲ್ಲ. ನೂಲುವ ಯಂತ್ರದಲ್ಲೂ ಕದಿರಿನ ಸುತ್ತ ತಿರುಗುವ ತೋಳೊಂದು ಇರುತ್ತದೆ, ಫ್ಲೈಯರ್ ಎನ್ನುತ್ತಾರೆ. ನೂಲು ಒಂದೇ ಕಡೆ ಗುಡ್ಡೆಯಾಗದಂತೆ ಕೊಳವೆ ಮೇಲೆ ಕೆಳಗೆ ಆಡುತ್ತದೆ. ತಮ್ಮನ ಮಗ ಹಿಡಿ ತಿರುಗಿಸಿ ತೋರಿಸಿದಾಗ ಅವನ ರೀಲಿನ ಕೊಳವೆಯೂ ಹಾಗೆಯೇ ಮುಂದಕ್ಕೆ ಹಿಂದಕ್ಕೆ ಆಡಿತು. ಇಂಗ್ಲೆಂಡಿನಲ್ಲಿ ಈ ಬಗೆಯ ಮೀನುಗಾರಿಕೆಗೆ ಥ್ರೆಡ್‌ಲೈನ್ ಎಂಬ ಹೆಸರೇ ಬಿತ್ತು. ಹುರಿಯಲ್ಲ, ಹಗ್ಗವಲ್ಲ, ಹೊಲಿಗೆಯ ದಾರ! ಅಷ್ಟು ತೆಳುವಾದ ಎಳೆಯಿಂದ ಅಷ್ಟು ಹಗುರವಾದ ಗಾಳವನ್ನು ದೂರ ಎಸೆಯಬಹುದು ಎಂಬುದು ಆ ಕಾಲಕ್ಕೆ ಸೋಜಿಗವಾಗಿತ್ತು.

ಅಂದಹಾಗೆ, ಮೀನುಗಾರರ ಸ್ಪಿನ್ನಿಂಗ್ ಎಂಬ ಮಾತು ನೂಲುವುದರಿಂದ ಬಂದದ್ದಲ್ಲ. ನೀರಿನಲ್ಲಿ ಎಳೆದಾಗ ಗಿರ್ರನೆ ತಿರುಗುವ ಎರೆಗೆ ಆ ಹೆಸರು ಮೊದಲೇ ಇತ್ತು. ಹೆಸರು ಒಂದು ದಾರಿಯಿಂದ, ಯಂತ್ರ ಇನ್ನೊಂದು ದಾರಿಯಿಂದ ಬಂದು ಕೂಡಿಕೊಂಡವು. ಭಾಷೆಯಲ್ಲಿ ಇಂಥ ಗಂಟು ಎಷ್ಟೋ.

ಇಲ್ಲಿ ಬ್ರಾಡ್‌ಫರ್ಡಿನ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆ. ಲೋಕದ ಉಣ್ಣೆ ನೂಲಿನ ರಾಜಧಾನಿ ಎನಿಸಿಕೊಂಡ ಊರು ಅದು. 1890ರ ಡಿಸೆಂಬರಿನಿಂದ 1891ರ ಏಪ್ರಿಲ್‌ವರೆಗೆ ಅಲ್ಲಿನ ಮ್ಯಾನಿಂಗ್‌ಹ್ಯಾಮ್ ಗಿರಣಿಯಲ್ಲಿ ದೊಡ್ಡ ಮುಷ್ಕರ ನಡೆಯಿತು. ಕೂಲಿ ಕಡಿತದ ವಿರುದ್ಧ ಚಳಿಗಾಲವಿಡೀ ಹೊರಗೆ ನಿಂತವರಲ್ಲಿ ಹೆಂಗಸರೇ ಹೆಚ್ಚು. ಸೋತು ಒಳಗೆ ಹೋದರು. ಆದರೆ ಆ ಸೋಲಿನ ಬೆನ್ನಿಗೇ 1893ರಲ್ಲಿ ಅದೇ ಊರಿನಲ್ಲಿ ಕಾರ್ಮಿಕರ ಸ್ವತಂತ್ರ ಪಕ್ಷ ಹುಟ್ಟಿತು. ಗಿರಣಿಯಲ್ಲಿ ತುಂಬಿದ ಕೊಳವೆ ತೆಗೆದು ಖಾಲಿ ಕೊಳವೆ ಹಾಕುವ ಕೆಲಸ ಮಕ್ಕಳದು. ಇಲ್ಲಿಂಗ್‌ವರ್ತ್ ಪೇಟೆಂಟ್ ಪಡೆದ 1905ರಲ್ಲೂ ಇಂಗ್ಲೆಂಡಿನಲ್ಲಿ ಹನ್ನೆರಡು ವರ್ಷ ತುಂಬಿದ ಮಗು ಅರ್ಧ ದಿನ ಗಿರಣಿಯಲ್ಲಿ ದುಡಿದು ಅರ್ಧ ದಿನ ಶಾಲೆಗೆ ಬರಬಹುದಿತ್ತು. ಹಾಫ್ ಟೈಮರ್ ಎಂದು ಅವರನ್ನು ಕರೆಯುತ್ತಿದ್ದರು. ಈ ಪದ್ಧತಿಯನ್ನು ತೆಗೆದು ಹಾಕಿದ್ದು 1918ರ ಶಿಕ್ಷಣ ಕಾಯಿದೆ. ಬೆಳಿಗ್ಗೆ ಆರಕ್ಕೆ ಗಿರಣಿಗೆ ಹೋಗಿ ಬಂದ ಮಗು ಮಧ್ಯಾಹ್ನ ಬೆಂಚಿನ ಮೇಲೆ ಹೇಗೆ ಕೂತಿರುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಹತ್ತಿಯ ಹೊಲದಿಂದ, ಮೆಣಸಿನಕಾಯಿ ಬಿಡಿಸುವ ಕೆಲಸದಿಂದ ನೇರ ತರಗತಿಗೆ ಬಂದ ಮಕ್ಕಳಿಗೆ ಪಾಠ ಹೇಳಿದವಳು ನಾನು.

1894ರಲ್ಲಿ ಆ ಊರಿನ ಶಾಲಾ ಮಂಡಳಿಗೆ ಮಾರ್ಗರೆಟ್ ಮೆಕ್‌ಮಿಲನ್ ಎಂಬ ಹೆಣ್ಣುಮಗಳು ಆರಿಸಿ ಬಂದಳು. ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ, ಮೊದಲು ಊಟ ಕೊಡಿ ಎಂದು ಹಟ ಹಿಡಿದಳು. 1906ರಲ್ಲಿ ಕಾಯಿದೆ ಬಂತು. 1907ರಲ್ಲಿ ಬ್ರಾಡ್‌ಫರ್ಡಿನಲ್ಲಿ ನಲವತ್ತು ಮಕ್ಕಳಿಗೆ ಏಪ್ರಿಲ್‌ನಿಂದ ಜುಲೈವರೆಗೆ ಊಟ ಕೊಟ್ಟು ತೂಕ ಮಾಡುತ್ತ ಹೋದರು. ಊಟ ಕೊಟ್ಟಾಗ ತೂಕ ಏರಿತು, ನಡುವೆ ರಜೆ ಬಂದಾಗ ಇಳಿಯಿತು. ನಮ್ಮ ಅಕ್ಷರ ದಾಸೋಹದ ಅಡಿಗೆಮನೆಯ ಮುಂದೆ ನಿಂತಾಗ ಆ ನಲವತ್ತು ಮಕ್ಕಳ ನೆನಪು ನನಗೆ ಆಗುತ್ತದೆ. ಒಂದೇ ಊರು, ಎರಡು ವರ್ಷದ ಅಂತರ; ಒಂದು ಕಡೆ ಕೊಳವೆಯನ್ನು ಕಂಡು ರೀಲು ಮಾಡಿದವನು, ಇನ್ನೊಂದು ಕಡೆ ಕೊಳವೆ ಬದಲಾಯಿಸುವ ಮಕ್ಕಳನ್ನು ಕಂಡವಳು. ಮೀನುಗಾರಿಕೆಯ ಪುಸ್ತಕದಲ್ಲಿ ಇವಳಿಲ್ಲ, ಶಿಕ್ಷಣದ ಪುಸ್ತಕದಲ್ಲಿ ಅವನಿಲ್ಲ. ಇಲ್ಲಿಂಗ್‌ವರ್ತನ ಬುದ್ಧಿಗೆ ನಾನು ಕಡಿಮೆ ಬೆಲೆ ಕಟ್ಟುತ್ತಿಲ್ಲ. ಆದರೆ ಆ ನೂಲು ಕೊಳವೆಯಿಂದ ಜಾರುವ ಪರಿಯನ್ನು ಅವನಿಗಿಂತ ಹೆಚ್ಚು ಸಲ ನೋಡಿದ ಕಣ್ಣುಗಳು ಆ ಗಿರಣಿಗಳಲ್ಲಿ ಸಾವಿರಾರು ಇದ್ದವು. ಅವಕ್ಕೆ ಹೊಳೆದಂಡೆಯಲ್ಲಿ ಕೂಡುವ ಬಿಡುವು ಇರಲಿಲ್ಲ, ಪೇಟೆಂಟ್ ಕಚೇರಿಗೆ ಕಟ್ಟುವ ಹಣವೂ ಇರಲಿಲ್ಲ.

ಮ್ಯಾಲಕ್‌ನ ಊರಿನದೇ ಇನ್ನೊಂದು ಪ್ರಸಂಗ. ಅಲ್ಲಿನ ಟೇ ನದಿಯಲ್ಲಿ 1922ರ ಅಕ್ಟೋಬರ್ 7ರಂದು ಜಾರ್ಜಿನಾ ಬ್ಯಾಲೆಂಟೈನ್ ಎಂಬ ಹೆಣ್ಣುಮಗಳು 64 ಪೌಂಡ್ ತೂಕದ ಸಾಲ್ಮನ್ ಮೀನನ್ನು ಹಿಡಿದಳು. ದೋಣಿಯಲ್ಲಿ ಜೊತೆಗಿದ್ದವನು ತಂದೆ. ನೀರಲ್ಲಿ ತಿರುಗುವ ಎರೆ, ಎರಡು ತಾಸಿಗೂ ಮೀರಿದ ಹೋರಾಟ, ಕತ್ತಲಾದ ಮೇಲೆ ಮೀನು ದೋಣಿಗೆ ಬಂತು. ಬ್ರಿಟನ್ನಿನಲ್ಲಿ ಗಾಳದಿಂದ ಹಿಡಿದ ಸಾಲ್ಮನ್‌ಗಳಲ್ಲಿ ಆ ದಾಖಲೆ ಇನ್ನೂ ಮುರಿದಿಲ್ಲ. ಮೀನನ್ನು ಪರ್ತ್‌ನ ಮ್ಯಾಲಕ್ ಅಂಗಡಿಯ ಕಿಟಕಿಯಲ್ಲಿ ಪ್ರದರ್ಶನಕ್ಕೆ ಇಟ್ಟಾಗ ಇವಳು ಗುಂಪಿನ ಹಿಂದೆ ನಿಂತಿದ್ದಳಂತೆ. ಇಷ್ಟು ದೊಡ್ಡ ಮೀನನ್ನು ಹೆಂಗಸು ಹಿಡಿದಾಳೆಯೇ, ಸುಳ್ಳು ಎಂದು ಮುಂದೆ ನಿಂತ ಇಬ್ಬರು ಮುದುಕರು ಮಾತಾಡಿಕೊಂಡದ್ದು ಕೇಳಿ ನಗುತ್ತ ಹೊರಟು ಬಂದಳಂತೆ.

ರೀಲು ಮುಂದೆ ಸರಸರನೆ ಬೆಳೆಯಿತು. ಇಂಗ್ಲೆಂಡಿನ ಹಾರ್ಡಿ ಕಂಪನಿ 1930ರ ದಶಕದಲ್ಲಿ ಕೊಕ್ಕೆಯ ಬದಲು ಪೂರ್ಣ ಕಮಾನಿನ ತಂತಿ ತೋಳು ತಂದಿತು. ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸಿನ ಕ್ಲೂಸ್ ಎಂಬ ಊರಿನಿಂದ ಮಿಚೆಲ್ ರೀಲು ಅಮೆರಿಕಕ್ಕೆ ಲಕ್ಷಗಟ್ಟಲೆ ಹೋಯಿತು. ಕ್ಲೂಸ್ ಕೂಡ ಗಡಿಯಾರದ ಬಿಡಿಭಾಗ ಮಾಡುವ ಕಣಿವೆಯ ಊರೇ. ಅಮೆರಿಕದಲ್ಲಿ ನಡೆದದ್ದು ಇನ್ನೂ ಮೋಜಿನದು. ಟೆಕ್ಸಾಸಿನ ಹಲ್ ಎಂಬ ಗಡಿಯಾರ ರಿಪೇರಿಯವನು ಒಮ್ಮೆ ಕಿರಾಣಿ ಅಂಗಡಿಯಲ್ಲಿ ನಿಂತಿದ್ದ. ಅಂಗಡಿಯವನು ಪೊಟ್ಟಣ ಕಟ್ಟಲು ದೊಡ್ಡ ಉಂಡೆಯ ತುದಿಯಿಂದ ಸರ್ರನೆ ದಾರ ಎಳೆದ, ಉಂಡೆ ಅಲ್ಲಾಡಲಿಲ್ಲ. ಅಲ್ಲಿಂದ ಹುಟ್ಟಿದ ರೀಲನ್ನು 1949ರಲ್ಲಿ ಮಾರುಕಟ್ಟೆಗೆ ತಂದದ್ದು ಎಣ್ಣೆಬಾವಿಗೆ ಸಿಡಿಮದ್ದು ಮಾಡುತ್ತಿದ್ದ ಓಕ್ಲಹೋಮಾದ ಒಂದು ಕಂಪನಿ. ಜೆಬ್ಕೋ ಎಂಬ ಹೆಸರಿನಲ್ಲಿ ಈಗಲೂ ಅಲ್ಲಿನ ಮಕ್ಕಳ ಮೊದಲ ಗಾಳ ಅದೇ. ನಮ್ಮ ಶೆಟ್ಟರ ಅಂಗಡಿಯ ಸೂರಿನಿಂದ ಇಳಿಬಿಟ್ಟ ದಾರವನ್ನು ನಾವೆಲ್ಲ ನೋಡಿದವರೇ.

ಇನ್ನು ದಾರದ ಕಥೆ. ಇದರಲ್ಲಿ ಹೆಂಗಸರಿಗೆ ಪರಿಚಯದ ವಸ್ತುಗಳೇ ತುಂಬಿವೆ. ಮೊದಲು ರೇಷ್ಮೆಯ ಹೆಣೆದ ದಾರ. ಹೊಳೆಯಿಂದ ಬಂದ ಕೂಡಲೇ ರೀಲಿನಿಂದ ಬಿಚ್ಚಿ ನೆರಳಿನಲ್ಲಿ ಹರವಿ ಒಣಗಿಸಬೇಕು, ಇಲ್ಲವಾದರೆ ಕೊಳೆತು ಹೋಗುತ್ತದೆ. ರೇಷ್ಮೆ ಸೀರೆಗೆ ಮಾಡುವಷ್ಟೇ ಉಪಚಾರ. ಗಾಳದ ಹತ್ತಿರದ ಮೊಳದುದ್ದದ ತುಂಡು ಮಾತ್ರ ಬೇರೆ. ಅದು ಸ್ಪೇನ್ ದೇಶದ ಮೂರ್ಸಿಯಾದಿಂದ ಬರುತ್ತಿತ್ತು. ಗೂಡು ಕಟ್ಟಲು ಸಿದ್ಧವಾದ ರೇಷ್ಮೆಹುಳವನ್ನು ವಿನಿಗರ್‌ನಲ್ಲಿ ನೆನೆಸಿ, ಸೀಳಿ, ಒಳಗಿನ ರೇಷ್ಮೆ ಗ್ರಂಥಿಯನ್ನು ಎಳೆದು ಹಿಗ್ಗಿಸಿದರೆ ಪಾರದರ್ಶಕವಾದ ಒಂದು ಎಳೆ ಸಿಗುತ್ತದೆ. ರಾಮನಗರದ ರೇಷ್ಮೆ ಮಾರುಕಟ್ಟೆ ನೋಡಿದ್ದೇನೆ, ಗೂಡು ಕುದಿಸುವುದನ್ನೂ ನೋಡಿದ್ದೇನೆ. ಆದರೂ ಇದನ್ನು ಓದಿದಾಗ ಮೈ ಜುಮ್ಮೆಂದಿತು.

ಇದಕ್ಕೆಲ್ಲ ತೆರೆ ಎಳೆದದ್ದು ನೈಲಾನ್. 1935ರಲ್ಲಿ ಡುಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ವ್ಯಾಲೇಸ್ ಕ್ಯಾರೊಥರ್ಸ್ ಅದನ್ನು ತಯಾರಿಸಿದ. 1937ರಲ್ಲಿ, ತಾನು ಮಾಡಿದ್ದು ಪೇಟೆಗೆ ಬರುವ ಮೊದಲೇ, ಆತ್ಮಹತ್ಯೆ ಮಾಡಿಕೊಂಡ. 1938ರಲ್ಲಿ ಅದು ಹಲ್ಲುಜ್ಜುವ ಬ್ರಷ್ಷಿನ ಕೂದಲಾಯಿತು. 1940ರ ಮೇ 15ರಂದು ಹೆಂಗಸರ ಕಾಲುಚೀಲವಾಗಿ ಅಮೆರಿಕದ ಅಂಗಡಿಗಳಿಗೆ ಬಂದಾಗ ಸಾಲುಗಟ್ಟಿ ನಿಂತು ಕೊಂಡರು. ಯುದ್ಧ ಶುರುವಾದ ಮೇಲೆ ಕಾಲುಚೀಲ ಹೋಗಿ ಪ್ಯಾರಾಚೂಟ್ ಆಯಿತು. ಯುದ್ಧ ಮುಗಿದ ಮೇಲೆ ಅದೇ ನೈಲಾನ್ ಒಂಟಿ ಎಳೆಯಾಗಿ ಮಿಚೆಲ್ ರೀಲಿನ ಕೊಳವೆಗೆ ಸುತ್ತಿಕೊಂಡಿತು. ಒದ್ದೆಯಾದರೆ ಕೊಳೆಯದು, ತೆಳು, ಅಗ್ಗ. ಇಲ್ಲಿಂಗ್‌ವರ್ತನ ರೀಲು ನಿಜವಾಗಿ ಗೆದ್ದದ್ದು ಆಗ. ಯಂತ್ರ ನಲವತ್ತು ವರ್ಷ ತನಗೆ ತಕ್ಕ ದಾರಕ್ಕೆ ಕಾದಿತ್ತು ಎನ್ನಿ.

ತಮ್ಮನ ಮಗನ ಹತ್ತಿರ ಈ ಇತಿಹಾಸವೆಲ್ಲ ಒಂದು ಕೋಲಿನ ಮೇಲೆ ಇತ್ತು. ಕೋಲು ಏಳಡಿಗೆ ತುಸು ಕಡಿಮೆ, ಕಾರ್ಬನ್ ನಾರಿನದು; ಬುಡ ಗಟ್ಟಿ, ತುದಿ ಮಾತ್ರ ಬಾಗುತ್ತದೆ. ಸ್ಮಾಲ್‌ಮೌತ್‌ಗೆ ಎಸೆಯುವ ಕೃತಕ ಎರೆ ನಾಲ್ಕರಿಂದ ಹತ್ತು ಗ್ರಾಂ ತೂಕದ್ದು, ಅದಕ್ಕೆ ಬಿರುಸಾದ ಕೋಲು ಆಗದು. ಅಂಗಡಿಯಲ್ಲಿ ಕೊಳ್ಳುವಾಗ ರೀಲನ್ನು ಕೋಲಿಗೆ ಕೂಡಿಸಿ, ಹಿಡಿಯ ಮುಂದೆ ಒಂದು ಬೆರಳಿನ ಮೇಲೆ ನಿಲ್ಲಿಸಿ ತೂಗಿ ನೋಡಬೇಕಂತೆ. ಮೂತಿ ಕೆಳಗೆ ಬಿದ್ದರೆ ಸಂಜೆಯೊಳಗೆ ಮುಂಗೈ ನೋಯುತ್ತದೆ. ಹಿಡಿ ನಿಧಾನವಾಗಿ ತಿರುಗಿಸಿ ಕಿವಿಗೊಟ್ಟು ಕೇಳಬೇಕು. ನಾವು ಸಂತೆಯಲ್ಲಿ ಗಡಿಗೆ ತಟ್ಟಿ ಕೊಳ್ಳುವುದಿಲ್ಲವೆ, ಹಾಗೆ.

ದಾರ ಆರು ಅಥವಾ ಎಂಟು ಪೌಂಡಿನದು, ಅಂದರೆ ಮೂರು ಮೂರೂವರೆ ಕಿಲೋ ಜಗ್ಗಿದರೆ ಹರಿಯುವಂಥದ್ದು. "ಮೀನ ಜಗ್ಗಿದರ ಹರಿಯೂದಿಲ್ಲೇನೋ?" ಎಂದೆ. "ಅದಕ್ಕ ಬ್ರೇಕ್ ಐತಿ ಅತ್ತಿ. ಗಾಳಿಪಟದ ದಾರ ಬಿಟ್ಟಂಗ ಬಿಡಬೇಕು" ಎಂದ. ಕೊಳವೆಯ ಮೇಲೆ ಬಿಲ್ಲೆಗಳನ್ನು ಒತ್ತಿ ಹಿಡಿಯುವ ತಿರುಪು ಅದು. ಮಿತಿ ಮೀರಿ ಎಳೆದರೆ ಕೊಳವೆ ತಾನಾಗಿ ಜಾರಿ ದಾರ ಬಿಡುತ್ತದೆ. ಹೊಸ ಕಾಲದ ಹೆಣೆದ ದಾರವೂ ಅವನ ಬಳಿ ಇತ್ತು, ನಮ್ಮ ಪ್ಲಾಸ್ಟಿಕ್ ಚೀಲದ ಕುಲದ್ದೇ ಆದ ಪಾಲಿಥೀನಿನದು, ತೂಕಕ್ಕೆ ತೂಕ ಉಕ್ಕಿಗಿಂತ ಗಟ್ಟಿ. ನುಣುಪು ಹೆಚ್ಚಾದ್ದರಿಂದ ಕೊಳವೆಯ ಮೇಲೆ ಇಡೀ ಉಂಡೆಯೇ ಜಾರುತ್ತದೆ. ಅದಕ್ಕೆ ಮೊದಲು ನಾಲ್ಕು ಸುತ್ತು ನೈಲಾನ್ ಸುತ್ತಿ ಆಮೇಲೆ ಇದನ್ನು ಗಂಟು ಹಾಕುತ್ತಾರೆ. ಕೊಳವೆಯನ್ನು ಕಂಠಮಟ್ಟ ತುಂಬಬಾರದು, ಅಂಚಿನಿಂದ ಮೂರು ಮಿಲಿಮೀಟರ್ ಬಿಡಬೇಕು. ತುಂಬಿದರೆ ಸುರುಳಿ ಸುರುಳಿಯೇ ಒಟ್ಟಿಗೆ ಉದುರುತ್ತದೆ. ಕಡಿಮೆಯಾದರೆ ಅಂಚಿಗೆ ಉಜ್ಜಿ ದೂರ ಹೋಗುವುದಿಲ್ಲ. ನಮ್ಮ ಅಜ್ಜಿ ಕಂಡಿಕೆಗೆ ಹೇಳುತ್ತಿದ್ದ ಮಾತೂ ಇದೇ ಆಗಿತ್ತು.

ಉಳಿದದ್ದು ಜೋಪಾನ. ಹೊಲಿಗೆಯಂತ್ರ ಇಟ್ಟುಕೊಂಡವರಿಗೆ ಇದರಲ್ಲಿ ಹೊಸದೇನಿಲ್ಲ: ಹಲ್ಲಿನ ಚಕ್ರಕ್ಕೆ ಗ್ರೀಸ್, ಚುರುಕಾಗಿ ತಿರುಗುವ ಭಾಗಕ್ಕೆ ಎಣ್ಣೆ, ಎರಡೂ ಒಂದೊಂದೇ ಹನಿ. ಹೆಚ್ಚು ಗಮನ ಬೇಡುವುದು ತೋಳಿನ ತುದಿಯ ಪುಟ್ಟ ಗಾಲಿ. ದಾರ ಅದರ ಮೇಲೆಯೇ ಹಾದು ಬರುತ್ತದೆ, ಅದು ಧೂಳು ಹಿಡಿದು ನಿಂತರೆ ದಾರ ಸವೆಯುತ್ತದೆ, ಹುರಿಗೊಳ್ಳುತ್ತದೆ. ಎಸೆದ ಮೇಲೆ ತೋಳನ್ನು ಹಿಡಿ ತಿರುಗಿಸಿ ಮುಚ್ಚದೆ ಕೈಯಿಂದಲೇ ಮುಚ್ಚಿದರೆ ಹುರಿ ಅರ್ಧ ಕಡಿಮೆ ಎಂದ. ಆದರೂ ಹುರಿಗೊಂಡರೆ ಗಾಳ ಬಿಚ್ಚಿ, ಬರೀ ದಾರವನ್ನು ಹರಿಯುವ ನೀರಿಗೆ ಉದ್ದಕ್ಕೂ ಬಿಡುತ್ತಾನೆ, ಹೊಳೆಯೇ ಬಿಡಿಸಿಕೊಡುತ್ತದೆ. ಮನೆಗೆ ಬಂದು ಒದ್ದೆ ಬಟ್ಟೆಯಿಂದ ಒರೆಸಿ, ಬ್ರೇಕಿನ ತಿರುಪು ಸಡಿಲಿಸಿ ಇಡುತ್ತಾನೆ, ಬಿಗಿಯಾಗಿಟ್ಟರೆ ಬಿಲ್ಲೆಗಳು ಅಂಟಿಕೊಳ್ಳುತ್ತವೆ. ಕೋಲಿನ ಉದ್ದಕ್ಕೂ ದಾರ ಹಾಯುವ ಉಂಗುರಗಳಿವೆ. ಅದರಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ದಾರ ಕುಯ್ಯುತ್ತದೆ. ಅದನ್ನು ಪತ್ತೆ ಮಾಡಲು ಅವನು ತನ್ನ ತಾಯಿಯ ಹಳೆಯ ನೈಲಾನ್ ಕಾಲುಚೀಲವನ್ನು ಉಂಗುರದೊಳಗೆ ತೂರಿಸಿ ಎಳೆದ. ಬಿರುಕಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. 1940ರ ಸಾಲಿನಲ್ಲಿ ನಿಂತ ಹೆಂಗಸರು ಇದನ್ನು ನೋಡಿದ್ದರೆ ಏನನ್ನುತ್ತಿದ್ದರೋ!

ಇಷ್ಟೆಲ್ಲ ಸಿದ್ಧತೆ ಯಾವ ಮೀನಿಗೆ? 1802ರಲ್ಲಿ ಫ್ರಾನ್ಸಿನ ಲಾಸೆಪೆಡ್ ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದ: ಮೈಕ್ರಾಪ್ಟೆರಸ್ ಡೋಲೋಮ್ಯೂ. ಮೊದಲ ಪದಕ್ಕೆ ಸಣ್ಣ ರೆಕ್ಕೆಯದು ಎಂದರ್ಥ. ಅವನ ಕೈಗೆ ಸಿಕ್ಕ ಮೀನಿನ ಬೆನ್ನಿನ ಈಜುರೆಕ್ಕೆ ಹರಿದಿತ್ತು. ಹರಿದ ತುಂಡನ್ನು ಬೇರೆಯೇ ಪುಟ್ಟ ರೆಕ್ಕೆಯೆಂದು ತಿಳಿದ. ಒಂದು ಮೀನಿನ ಗಾಯ ಇಡೀ ಕುಲದ ಹೆಸರಾಗಿ ಉಳಿಯಿತು. ಎರಡನೆಯ ಪದ ಡೋಲೋಮ್ಯೂ ಎಂಬ ಭೂವಿಜ್ಞಾನಿಯ ಗೌರವಾರ್ಥ. ಅವನಿಗೂ ಮೀನಿಗೂ ಏನೂ ಸಂಬಂಧವಿಲ್ಲ.

ಸಸ್ಕ್ವೆಹಾನಾಗೂ ಈ ಮೀನು ಮೂಲದವನಲ್ಲ, ವಲಸೆಗಾರ. 1854ರಲ್ಲಿ ವಿಲಿಯಂ ಶ್ರೈವರ್ ಎಂಬಾತ ಓಹಾಯೋ ನದಿಯ ಮೂವತ್ತರಷ್ಟು ಬ್ಯಾಸ್ ಮೀನುಗಳನ್ನು ತೂತಿನ ಪಾತ್ರೆಯಲ್ಲಿ ಹಾಕಿ, ಆ ಪಾತ್ರೆಯನ್ನು ರೈಲು ಎಂಜಿನ್ನಿನ ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟು ಬೆಟ್ಟ ದಾಟಿಸಿ ಪೊಟೋಮ್ಯಾಕ್ ನದಿಗೆ ಬಿಟ್ಟ. ಅಲ್ಲಿಂದ ಮುಂದೆ 1870ರ ಹೊತ್ತಿಗೆ ಇಲ್ಲಿಗೂ ಬಂತು. ಜಪಾನ್, ದಕ್ಷಿಣ ಆಫ್ರಿಕಾಗಳಿಗೂ ಕೊಂಡೊಯ್ದು, ಅಲ್ಲಿನ ಸ್ಥಳೀಯ ಮೀನುಗಳಿಗೆ ಮಾರಿಯಾಗಿದೆ. ನಮ್ಮಲ್ಲೂ ಇಂಥದು ನಡೆದಿದೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಭಾರತದ ಗಾಳದ ಬಗ್ಗೆ ಬರೆದ ದೊಡ್ಡ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ನಮ್ಮ ಮಹಸೀರ್ ಮೀನನ್ನು ಸಾಹೇಬರಿಗೆಲ್ಲ ಪರಿಚಯಿಸಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಹಿಡಿದರು. ಆಮೇಲೆ ಬೇರೆ ಕಡೆಯ ಮಹಸೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಕಾವೇರಿಯ ಸ್ವಂತ ಗೂನುಬೆನ್ನಿನ ಮಹಸೀರ್‌ಗೆ ಸರಿಯಾದ ಶಾಸ್ತ್ರೀಯ ಹೆಸರು ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿದೆಯೆಂದು ಪಟ್ಟಿಗೂ ಸೇರಿತು.

ನನ್ನ ಮನಸ್ಸಿನಲ್ಲಿ ಮೊದಲ ದಿನದಿಂದ ಕೊರೆಯುತ್ತಿದ್ದ ಪ್ರಶ್ನೆಯನ್ನು ಕೇಳಿಯೇ ಬಿಟ್ಟೆ. ಹುಡುಗ ಮೀನು ತಿನ್ನುವುದಿಲ್ಲ. ಹಿಡಿದು, ನೋಡಿ, ಬಿಟ್ಟುಬಿಡುತ್ತಾನೆ. ತಿನ್ನಲು ಹಿಡಿಯುವವನಿಗೆ ಹಸಿವು ಎಂಬ ಕಾರಣವಾದರೂ ಇದೆ. ತುಟಿಗೆ ಕೊಕ್ಕೆ ಚುಚ್ಚಿ ಎಳೆದು ಮತ್ತೆ ಬಿಡುವುದಕ್ಕೆ ಏನು ಕಾರಣ? ಅವನು ಸಿಟ್ಟಾಗಲಿಲ್ಲ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದನ್ನು ತೋರಿಸಿದ. ಸೀಸದ ಗುಂಡು ಬಳಸುವುದಿಲ್ಲ ಎಂದ. ಇಂಗ್ಲೆಂಡಿನಲ್ಲಿ ಮೀನುಗಾರರು ಬಿಟ್ಟ ಸೀಸದ ಗುಂಡು ನುಂಗಿ ಹಂಸಗಳು ಸತ್ತು, 1987ರಲ್ಲಿ ಅವುಗಳಲ್ಲಿ ಹೆಚ್ಚಿನವನ್ನು ನಿಷೇಧಿಸಿದರು. 2005ರಲ್ಲಿ ಇದೇ ನದಿಯಲ್ಲಿ ಬ್ಯಾಸ್ ಮರಿಗಳು ರೋಗದಿಂದ ರಾಶಿ ರಾಶಿ ಸತ್ತಾಗ ಮೊದಲು ಗಮನಿಸಿ ಕೂಗೆಬ್ಬಿಸಿದವರಲ್ಲಿ ಗಾಳದವರೂ ಇದ್ದರು, ಹೊಳೆಗೆ ಹೋಗದವರಿಗೆ ಹೊಳೆಯ ಕಷ್ಟ ಹೇಗೆ ಗೊತ್ತಾಗಬೇಕು ಎಂದ. ಆ ಮಾತಿನಲ್ಲಿ ಹುರುಳಿದೆ. ಕೊಕ್ಕೆ ಚುಚ್ಚಿಸಿಕೊಂಡ ಮೀನಿಗೆ ಅದರಿಂದ ಸಮಾಧಾನವಾಗುತ್ತದೆಂದು ಮಾತ್ರ ನಾನು ಒಪ್ಪಲಿಲ್ಲ. ಇಬ್ಬರೂ ನಮ್ಮ ನಮ್ಮ ಮಾತಿನಲ್ಲೇ ಉಳಿದೆವು.

ಆದರೆ ನಾನಿದ್ದಷ್ಟು ದಿನ ಅವನು ಒಮ್ಮೆಯೂ ಗಾಳ ಹಾಕಲಿಲ್ಲ. ಅದು ಮೇ ತಿಂಗಳು, ರೀಲು ಬಿಚ್ಚಿ ಗ್ರೀಸ್ ಹಾಕುವ ತಿಂಗಳು. ಯಾಕೆಂದು ಕೇಳಿದರೆ "ಬರ್ರಿ, ತೋರಸ್ತೀನಿ" ಎಂದು ಒಂದು ಮಧ್ಯಾಹ್ನ ಹೊಳೆದಂಡೆಗೆ ಕರೆದುಕೊಂಡು ಹೋದ. ನೀರಿನ ಹೊಳಪು ಕಳೆಯುವ ಕನ್ನಡಕ ಕೊಟ್ಟ. ಸೊಂಟಮಟ್ಟದ ನೀರಿನ ತಳದಲ್ಲಿ ಬೆಣಚುಕಲ್ಲುಗಳ ನಡುವೆ ಮೊರದಷ್ಟು ಅಗಲದ ಒಂದು ಜಾಗ, ಗುಡಿಸಿಟ್ಟ ಅಂಗಳದಂತೆ ಸ್ವಚ್ಛ. ಅದರ ಮೇಲೆ ಕಂಚಿನ ಬಣ್ಣದ ಒಂದು ಮೀನು ಬಾಲದಿಂದ ಸಣ್ಣಗೆ ಗಾಳಿ ಬೀಸುವಂತೆ ನೀರು ಬೀಸುತ್ತ ನಿಂತಿತ್ತು. ಗಂಡುಮೀನು. ಹೆಣ್ಣು ಮೊಟ್ಟೆಯಿಟ್ಟು ಹೋಗಿಬಿಡುತ್ತದೆ. ಮೊಟ್ಟೆ ಒಡೆದು ಮರಿಗಳು ಈಜುವ ತನಕ ಕಾಯುವುದು ತಂದೆ. ಅದನ್ನು ಗಾಳಕ್ಕೆ ಎಳೆದು ಐದು ನಿಮಿಷ ಆಚೆ ಇಟ್ಟು ಬಿಟ್ಟರೂ ಸಾಕು, ಅಷ್ಟರಲ್ಲಿ ಬೇರೆ ಮೀನುಗಳು ಗೂಡಿಗೆ ನುಗ್ಗಿ ತಿಂದು ಹಾಕುತ್ತವೆ. ಅಷ್ಟರಲ್ಲೇ ಹಾಗೊಂದು ಚಿಕ್ಕ ಮೀನು ಬದಿಯಿಂದ ಸುಳಿಯಿತು. ಕಾವಲಿನ ಮೀನು ಒಮ್ಮೆ ಮಿಂಚಿನಂತೆ ಅದರ ಮೇಲೆ ಏರಿ ಹೋಗಿ, ತಿರುಗಿ ಬಂದು, ಮತ್ತೆ ಅದೇ ಜಾಗದಲ್ಲಿ ನಿಂತು ಬಾಲ ಬೀಸತೊಡಗಿತು.